ಅಪ್ಪನ ಯೆಜ್ಡಿ ಮತ್ತು ಗರಗಸ

ಅಮೆರಿಕಾದಲ್ಲಿ ಹಾಟ್ ರಾಡ್ ಅಂತ ಒಂದು ಹುಚ್ಚಿದೆ. ಹಳೇ ಕಾರು, ಅದರಲ್ಲೂ 1932ರ ಫೋರ್ಡ್ ಸಿಕ್ಕರಂತೂ ಹಬ್ಬ. ಮಡ್‌ಗಾರ್ಡ್ ಕಿತ್ತು, ಟಾಪ್ ಕತ್ತರಿಸಿ ತಗ್ಗಿಸಿ, ಇಂಜಿನ್ನಿಗೆ ಇನ್ನಷ್ಟು ಕಸುವು ತುಂಬಿ, ಮನೆ ಹಿತ್ತಲಲ್ಲೇ ಬೇರೆ ಗಾಡಿ ಮಾಡಿಬಿಡೋದು. ಎರಡನೇ ಮಹಾಯುದ್ಧದಿಂದ ವಾಪಸಾದ ಹುಡುಗರು ಶುರು ಹಚ್ಚಿಕೊಂಡ ಮೇಲೆ ಅದು ಜೋರಾಯಿತು. ನಮ್ಮ ಬಸವೇಶ್ವರನಗರದಲ್ಲಿ ಹಿತ್ತಲೂ ಇಲ್ಲ, ಫೋರ್ಡೂ ಇಲ್ಲ. ಇದ್ದಿದ್ದು ಸಂಪಿನ ಪಕ್ಕ ಹಳೇ ಫ್ಲೆಕ್ಸ್ ಹೊದ್ದುಕೊಂಡು ನಿಂತಿದ್ದ ಅಪ್ಪನ 1984ರ ಯೆಜ್ಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಯೆಜ್ಡಿ ನಮ್ಮ ಮೈಸೂರಿನ ಕೂಸು. ಐಡಿಯಲ್ ಜಾವಾ ಕಂಪನಿ 1961ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನ ಅಲ್ಲಿ ತಯಾರಿಸೋಕೆ ಶುರು ಮಾಡಿತು. 1973ರಿಂದ ಅದರ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು, ಚೆನ್ನಾಗೇ ಇವೆ. ಆದರೆ ಅವು ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಲೀಟರಿಗೆ ಇಷ್ಟು ಅಂತ ಆಯಿಲ್ ಕಲೆಸಿ ಹಾಕೋ ಹಳೇ ಟೂ ಸ್ಟ್ರೋಕಿನ ಆ ವಾಸನೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್... ಇದೆಲ್ಲ ಅದರಲ್ಲಿ ಎಲ್ಲಿ ಬರಬೇಕು!

ಪಿಸ್ಟನ್ ಜಾಮ್ ಆಗಿತ್ತು. ಬಿಚ್ಚಿ ಸಿಲಿಂಡರನ್ನ ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಗೇಜ್ ಹಾಕೋಕೆ ಮೊದಲು ಬೆರಳು ಒಳಗೆ ಇಳಿಸಿ ಸುತ್ತಲೂ ಸವರಿದರು. "ಈ ಕಡೆ ಜಾಸ್ತಿ ತಿಂದಿದೆ ಸಾರ್" ಅಂದರು. ಆಮೇಲೆ ಗೇಜ್ ಅದನ್ನೇ ಹೇಳಿತು. ನಾನು ದಿನಾ ಮಾಡೋ ಕೆಲಸದಲ್ಲಿ ಎಡವಟ್ಟಾದರೆ ನಿನ್ನೆಯ ಕೋಡಿಗೆ ವಾಪಸ್ ಹೋಗಬಹುದು. ಬೋರಿಂಗ್ ಮಾಡುವಾಗ ಕೂದಲೆಳೆಯಷ್ಟು ಜಾಸ್ತಿ ಹೋದರೂ ಇನ್ನೂ ದೊಡ್ಡ ಪಿಸ್ಟನ್ ಹುಡುಕಬೇಕು, ಅದೂ ಮೂವತ್ತು ವರ್ಷದ ಹಿಂದೆ ಮುಚ್ಚಿದ ಕಂಪನಿಯದ್ದು.

ಟ್ಯಾಂಕಿನ ಕೆಲಸ ಇನ್ನೂ ಮಜಾ. ಒಳಗಿನ ತುಕ್ಕಿಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನ ಹಾಕಿ, ಮಗು ತೂಗಿದ ಹಾಗೆ ಎರಡು ಭಾನುವಾರ ಅಲ್ಲಾಡಿಸಿದ್ದೇನೆ. ಪಕ್ಕದ ಮನೆಯವರು ಏನಂದುಕೊಂಡರೋ. ತಗ್ಗು ಎತ್ತೋಕೆ ಒಳಗಿಂದ ಸುತ್ತಿಗೆ ಹೋಗಲ್ಲವಲ್ಲ, ಅದಕ್ಕೆ ಟಿಂಕರ್ ಹೊರಗಡೆ ಒಂದು ವಾಷರ್ ವೆಲ್ಡ್ ಮಾಡಿ ಎಳೆಯುತ್ತಾರೆ. ವೆಲ್ಡಿಂಗಿಗೆ ಮುಂಚೆ ಟ್ಯಾಂಕನ್ನ ಚೆನ್ನಾಗಿ ತೊಳೆದು ನೀರು ತುಂಬಿಸಲೇಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಬಾಂಬಿದ್ದ ಹಾಗೆ. ಆಮೇಲೆ ವಾಷರ್ ಕತ್ತರಿಸಿ, ಉಜ್ಜಿ, ತೆಳ್ಳಗೆ ಪುಟ್ಟಿ. ಪುಟ್ಟಿಯಲ್ಲೇ ಟ್ಯಾಂಕ್ ಕಟ್ಟೋ ಶೂರರೂ ಇದ್ದಾರೆ, ಅವರ ಸುದ್ದಿ ಬೇಡ.

ಅಷ್ಟರಲ್ಲಿ ಗೆಳೆಯನೊಬ್ಬ ಬಂದು, "ಫ್ರೇಮ್ ಹಿಂದೆ ಕಟ್ ಮಾಡಿ, ಸಿಂಗಲ್ ಸೀಟ್ ಹಾಕಿ ಕೆಫೆ ರೇಸರ್ ಮಾಡಿಸೋ, ಮಸ್ತಾಗಿರುತ್ತೆ" ಅಂದ. ನಮ್ಮ ಪಾಲಿನ ಹಾಟ್ ರಾಡ್! ನನಗೂ ಆಸೆ ಇರಲಿಲ್ಲ ಅಂತಲ್ಲ, ಡ್ರಾಯಿಂಗ್ ಕೂಡ ಮಾಡಿದ್ದೆ. ಕಾನೂನು ಒಪ್ಪಲ್ಲ ಅನ್ನೋದು ಒಂದು. ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿ ವಿಂಟೇಜ್ ಅನಿಸಿಕೊಳ್ಳುತ್ತೆ. ನಮ್ಮದಕ್ಕೆ 2034ರಲ್ಲಿ ಐವತ್ತು. ಇವತ್ತು ಗರಗಸ ಹಾಕಿದರೆ ಆ ದಾರಿ ಮುಚ್ಚಿತು.

ಆದರೆ ಕೈ ತಡೆದದ್ದು ಕೋರ್ಟಲ್ಲ. ಅಪ್ಪನಿಗೆ ಈಗ ಮಂಡಿನೋವು, ಯೆಜ್ಡಿಗೆ ಕಿಕ್ ಹೊಡೆಯೋಕೆ ಆಗಲ್ಲ. ಇನ್ನು ಅವರು ಈ ಗಾಡಿ ಮೇಲೆ ಕೂರೋದಿದ್ದರೆ ಹಿಂದಿನ ಸೀಟಿನಲ್ಲೇ. ಸಿಂಗಲ್ ಸೀಟ್ ಮಾಡಿಸಿದರೆ ಅಪ್ಪ ಎಲ್ಲಿ ಕೂರಬೇಕು?

ಹಾಗಾಗಿ ನನ್ನ ಕಸ್ಟಮೈಸಿಂಗ್ ಎಲ್ಲ ಬೋಲ್ಟ್ ಬಿಚ್ಚಿದರೆ ವಾಪಸ್ ಆಗುವಂಥದ್ದು. ಆರು ವೋಲ್ಟಿನ ಹೆಡ್‌ಲೈಟ್ ಊದಿನಕಡ್ಡಿಗಿಂತ ಸ್ವಲ್ಪ ಮೇಲು ಅಷ್ಟೇ. ಹನ್ನೆರಡು ವೋಲ್ಟಿಗೆ ಬದಲಿಸಿದೆ. ಬಿಚ್ಚಿದ ಹಳೇ ಸಾಮಾನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರ.

ಇನ್ನೊಂದು ತಕರಾರು ಕ್ರ್ಯಾಶ್ ಗಾರ್ಡಿನದು. ಅದಕ್ಕೆ ಎರಡು ಬೆರಳುದ್ದದ ಒಂದು ಕಬ್ಬಿಣದ ತುಂಡು ವೆಲ್ಡ್ ಆಗಿದೆ. 1993ರಲ್ಲಿ, ಟ್ಯಾಂಕಿನ ಮೇಲೆ ಕೂರುತ್ತಿದ್ದ ಅಕ್ಕನಿಗೆ ಕಾಲಿಡೋಕೆ ಅಂತ ಅಪ್ಪ ಮಾಗಡಿ ರೋಡಿನಲ್ಲಿ ಹಾಕಿಸಿದ್ದು. ನಾನು ಹುಟ್ಟಿದ ಮೇಲೆ ಅದು ನನ್ನದಾಯಿತು. ಟಿಂಕರ್ ಕೇಳಿದರು, "ಇದು ಕಂಪನೀದಲ್ಲ ಸಾರ್, ಗ್ರೈಂಡ್ ಹೊಡೆದು ತೆಗೆದುಬಿಡ್ಲಾ?" ಒರಿಜಿನಲ್ ಅಂದರೆ ಒರಿಜಿನಲ್ ಅನ್ನೋ ಯೆಜ್ಡಿ ಪಂಡಿತರೂ ತೆಗಿ ಅಂದರು. ಅಪ್ಪನ್ನ ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ಎಂಟು ರೂಪಾಯಿ ಕೊಟ್ಟಿದ್ದೆ ಕಣೋ ಅದಕ್ಕೆ" ಅಂದರು.

ತುಂಡು ಇದ್ದ ಹಾಗೇ ಕ್ರೋಮ್ ಪ್ಲೇಟಿಂಗಿಗೆ ಕೊಟ್ಟಿದ್ದೇನೆ. ಶನಿವಾರ ಬನ್ನಿ ಅಂದಿದ್ದಾರೆ. ಯಾವ ಶನಿವಾರ ಅಂತ ಹೇಳಿಲ್ಲ :) ಅಂದಹಾಗೆ, ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೇ ಯೆಜ್ಡಿಯ ಸ್ಪೀಡೋಮೀಟರ್ ಬಿದ್ದಿದ್ದರೆ ತಿಳಿಸಿ, ಬಂದು ತಗೊಂಡು ಹೋಗ್ತೀನಿ. ಮುಳ್ಳು ಇಲ್ಲದಿದ್ದರೂ ಪರವಾಗಿಲ್ಲ.