ದನಿಯ ಮೇಲೆ ಬಿದ್ದ ಮುನಿಸು

ಠಾಣೆ ಪೂರ್ವದ ನಮ್ಮ ಕೋಪರಿಯಲ್ಲಿ ಮರಾಠಿ, ಸಿಂಧಿ, ಹಿಂದಿ ತಾವಾಗಿಯೇ ಕಿವಿಗೆ ಬೀಳುತ್ತವೆ. ಕನ್ನಡ ಬೇಕಾದರೆ ನಾವೇ ಹಾಕಿಕೊಂಡು ಕೇಳಬೇಕು. ಹಾಗೆ ಕೇಳಿದ್ದರಲ್ಲಿ 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹಾಡುಗಳದ್ದೇ ದೊಡ್ಡ ಪಾಲು. ಅದರಲ್ಲೂ ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ಆ ಒಂದು ಹಾಡು. ಕಾಯ್ಕಿಣಿಯವರು ಗೋಕರ್ಣದಿಂದ ಬಂದು ಎಷ್ಟೋ ವರ್ಷ ಮುಂಬಯಿಯಲ್ಲಿ ಬಾಳಿದವರು. ಸೋನು ಅವರದಂತೂ ಪಕ್ಕದ ಮನೆಯ ಮರಾಠಿ ಮಂದಿಗೂ ಗೊತ್ತಿದ್ದ ಕಂಠ. ಆ ಕಂಠ ನಮ್ಮ ಮಾತಿನಲ್ಲಿ ಹಾಡಿದ್ದು ಹೊರನಾಡಿನವರಿಗೆ ಎಂಥ ಹೆಮ್ಮೆ ಎಂಬುದು ಬೆಂಗಳೂರಿನಲ್ಲಿದ್ದವರಿಗೆ ಪೂರ್ತಿ ಅರ್ಥವಾಗಲಿಕ್ಕಿಲ್ಲ.

ಅದಕ್ಕೇ 2025ರ ಏಪ್ರಿಲ್ ಕೊನೆಯ ಸುದ್ದಿ ಅಷ್ಟು ನೋಯಿಸಿತು. ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಹುಡುಗರು ಕನ್ನಡ ಹಾಡು ಬೇಕೆಂದು ಕೂಗಿದರು. ಸೋನು ಆ ಕೂಗನ್ನು ಪಹಲ್ಗಾಮ್‌ ಹತ್ಯಾಕಾಂಡದ ಜೊತೆ ಸೇರಿಸಿ ಮಾತಾಡಿಬಿಟ್ಟರು. 26 ಜೀವಗಳು ಹೋಗಿ ಇನ್ನೂ ವಾರವೂ ಆಗಿರಲಿಲ್ಲ. ಕೂಗಿದವರ ದನಿ ಎಷ್ಟೇ ಒರಟಾಗಿದ್ದರೂ ಆ ಮಾತು ತಪ್ಪು. ಪೊಲೀಸ್ ದೂರು ದಾಖಲಾಯಿತು, ಮೇ ತಿಂಗಳಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಘೋಷಿಸಿತು, ಸೋನು ಕ್ಷಮೆ ಕೇಳಿದರು. ‘ಕುಲದಲ್ಲಿ ಕೀಳ್ಯಾವುದೋ’ ಚಿತ್ರತಂಡ ಅವರ ಹಾಡನ್ನೇ ತೆಗೆದುಹಾಕಿತು.

ನನ್ನನ್ನು ಕಾಡಿದ್ದು ನಮ್ಮ ಕಿವಿಗಳಲ್ಲಾದ ಬದಲಾವಣೆ. ಆ ಬೇಸಿಗೆಯಲ್ಲಿ ಬಂಧುವೊಬ್ಬರ ಮನೆಯ ಸಮಾರಂಭದಲ್ಲಿ ಅದೇ ಹಳೆಯ ಹಾಡು ಬಂತು. ‘ಉಚ್ಚಾರ ನೋಡಿ ಹೇಗಿದೆ, ಮೊದಲಿಂದಲೂ ಹೀಗೇ’ ಎಂದರು ಒಬ್ಬರು. ಸುತ್ತಲಿದ್ದವರು ತಲೆಯಾಡಿಸಿದರು. ಹತ್ತೊಂಬತ್ತು ವರ್ಷದ ಹಿಂದೆ ಮುದ್ರಿತವಾದ ದನಿ, ಒಂದಕ್ಷರವೂ ಬದಲಾಗಿಲ್ಲ. ಅಂದು ಮುದ್ದಾಗಿ ಕೇಳಿದ್ದು ಇಂದು ಉಡಾಫೆಯಾಗಿ ಕೇಳುತ್ತಿತ್ತು. ಸಿಟ್ಟು ಹಿಂದಕ್ಕೆ ನಡೆದು ಹಳೆಯ ಸಂತೋಷವನ್ನೂ ತಿದ್ದಿಬಿಡುತ್ತದೆಂದು ಆಗಲೇ ನನಗೆ ಗೊತ್ತಾದದ್ದು. ಆ ಹಾಡಿನಲ್ಲಿ ಕಾಯ್ಕಿಣಿಯವರ ಸಾಲುಗಳಿವೆ, ಮನೋಮೂರ್ತಿಯವರ ರಾಗವಿದೆ, ಹೆಸರೇ ಗೊತ್ತಿಲ್ಲದ ವಾದ್ಯಗಾರರ ದುಡಿಮೆಯಿದೆ. ಇವರಲ್ಲಿ ಯಾರೂ ಪಹಲ್ಗಾಮ್‌ನ ಹೆಸರೆತ್ತಿರಲಿಲ್ಲ.

ಮಹಾರಾಷ್ಟ್ರದಲ್ಲಿ ಬದುಕುವ ನಮಗೆ ಭಾಷೆಗಾಗಿ ಹಟ ಹಿಡಿಯುವುದರ ಎರಡೂ ಮಗ್ಗುಲು ಗೊತ್ತು. ಅದೇ ವರ್ಷ ಮೀರಾ ರೋಡ್‌ನಲ್ಲಿ ಮರಾಠಿ ಮಾತಾಡಲಿಲ್ಲವೆಂದು ಅಂಗಡಿಯವನೊಬ್ಬನಿಗೆ ಹೊಡೆದರು. ನೆಲದ ಭಾಷೆಗೆ ಮರ್ಯಾದೆ ಕೊಡಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ಇಲ್ಲಿ ಮರಾಠಿಯಲ್ಲೇ ವ್ಯವಹರಿಸುತ್ತೇನೆ. ಬೆದರಿಸಿ ಪಡೆದದ್ದು ಮರ್ಯಾದೆ ಎಂದು ಮಾತ್ರ ಒಪ್ಪಲಾರೆ.

ಈ ಸಲದ ರಾಜ್ಯೋತ್ಸವಕ್ಕೆ ಹಾಡುಗಳ ಪಟ್ಟಿ ಮಾಡುವಾಗ ನಾನು ಆ ಹಳೆಯ ಹಾಡನ್ನೇ ಮೊದಲು ಬರೆದೆ. ನಮ್ಮ ಬಳಗದ ಹಿರಿಯರೊಬ್ಬರು ಬೇಡವೆಂದಿದ್ದಾರೆ. ಭಾನುವಾರ ಅವರ ಮನೆಗೆ ಹೋಗಿ ಮಾತಾಡಬೇಕು.