ಮಾತು ಕಡಿಮೆಯಾದ ಮಕ್ಕಳು

ಪೋಷಕರ ಸಭೆ ಮುಗಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. ಅಂಕಪಟ್ಟಿ ನೋಡಿ, ಸಹಿ ಹಾಕಿ ಆಗಿರುತ್ತದೆ. ಆದರೂ ಹೊರಡುವುದಿಲ್ಲ. 'ಮೇಷ್ಟ್ರೇ, ಇವ್ನು ಮನೇಲಿ ಮಾತೇ ಆಡಲ್ಲ. ಏನ್ ಕೇಳಿದ್ರೂ ಹೂಂ, ಇಲ್ಲಾಂದ್ರೆ ಉಹೂಂ. ಸ್ಕೂಲಲ್ಲಾದ್ರೂ ಬಾಯಿ ಬಿಡ್ತಾನಾ?' ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ಬೆಲೆಯ ಚಿಂತೆಯಂತೆಯೇ ಇದೂ ಮನೆಮನೆಯ ಚಿಂತೆ.

ವಿಜ್ಞಾನದ ಮೇಷ್ಟ್ರಾದ ನಾನು ಮೊದಲು ಶರೀರದ ವಿಷಯ ಹೇಳುತ್ತೇನೆ. ನಿದ್ದೆಯ ವೇಳೆಯನ್ನು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಹದಿಹರೆಯದಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಹಾಗಾಗಿ ಬೆಳಿಗ್ಗೆ ಏಳದ ಹುಡುಗನನ್ನು ಸೋಮಾರಿ ಎಂದು ಬಿಡುವುದು ಪೂರ್ತಿ ಸರಿಯಲ್ಲ. ಕೋಪವನ್ನು ತಡೆದು, ಮುಂದಾಲೋಚನೆ ಮಾಡಿಸುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಈ ವಯಸ್ಸಿನಲ್ಲಿ ಮಕ್ಕಳು ಸ್ವಲ್ಪ ದೂರ ಸರಿಯುವುದು ಸಹಜ. ತಮ್ಮದೇ ಆದ ಒಂದು ಮೂಲೆ ಅವರಿಗೆ ಬೇಕು.

ಇನ್ನು ನಮ್ಮ ಪ್ರಶ್ನೆಗಳನ್ನು ಗಮನಿಸಿ. ಓದಿದೆಯಾ? ಎಷ್ಟು ಬಂತು? ಪಕ್ಕದ ಮನೆಯವನಿಗೆಷ್ಟು? ಮೊಬೈಲ್ ಕೆಳಗಿಟ್ಟೆಯಾ? ಪೊಲೀಸ್ ಠಾಣೆಯಲ್ಲಿ ಇದಕ್ಕೆ ವಿಚಾರಣೆ ಎನ್ನುತ್ತಾರೆ. ಎದುರಿಗೆ ಕೂರಿಸಿಕೊಂಡು ಕೇಳಿದರೆ ಬಾಯಿ ಇನ್ನಷ್ಟು ಬಿಗಿಯುತ್ತದೆ.

ತುರುವೇಕೆರೆ ಕಡೆಯ ಒಬ್ಬ ರೈತರಿಗೆ ನಾನು ಹೇಳಿದ್ದು ಇಷ್ಟೇ: 'ಒಂದು ತಿಂಗಳು ಮಾರ್ಕಿನ ಮಾತು ಬಿಡಿ. ತೋಟಕ್ಕೋ ಸಂತೆಗೋ ಜೊತೆಗೆ ಕರೆದುಕೊಂಡು ಹೋಗಿ. ಅವನಾಗಿ ಮಾತಾಡಿದರೆ ಕೇಳಿ, ಇಲ್ಲದಿದ್ದರೆ ಸುಮ್ಮನಿರಿ.' ಹತ್ತನೇ ತರಗತಿಯ ಹುಡುಗ. ಮೊದಲೆರಡು ವಾರ ತುಟಿ ಬಿಚ್ಚಲಿಲ್ಲವಂತೆ. ಮೂರನೇ ವಾರ ಮೊಪೆಡ್ಡಿನ ಹಿಂದೆ ಕೂತು ತಿಪಟೂರಿನಿಂದ ಬರುವಾಗ, ಅಪ್ಪನ ಬೆನ್ನಿಗೇ ಹೇಳಿದನಂತೆ: 'ಅಪ್ಪಾ, ನಂಗೆ ಲೆಕ್ಕ ಅರ್ಥ ಆಗ್ತಿಲ್ಲ. ಏಳನೇ ಕ್ಲಾಸಿಂದ್ಲೂ ಆಗಿಲ್ಲ.' ಆ ತಂದೆ ಗಾಡಿ ನಿಲ್ಲಿಸಿ ಬೈಯಲಿಲ್ಲ. 'ಆಯ್ತು ಬಿಡಪ್ಪ, ಮೇಷ್ಟ್ರನ್ನ ಕೇಳಾಣ' ಎಂದರಂತೆ. ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು! ಮುಖಕ್ಕೆ ಮುಖ ಕೊಡದಿದ್ದಾಗ ಸಲೀಸಾಗಿ ಬಂತು. ಏಳನೇ ತರಗತಿಯ ಪುಸ್ತಕದಿಂದಲೇ ಅವನಿಗೆ ಪಾಠ ಶುರುವಾಯಿತು.

ನಮ್ಮ ಸೀಮೆಯವರಿಗೆ ಕಾಯುವುದು ಹೊಸದಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೆರಡು ತಿಂಗಳು ಅಲ್ಲೇ ಇರಬೇಕು. ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಅವಸರಪಟ್ಟು ಒಡೆದರೆ ಹಸಿಕಾಯಿ. ಹಾಗೆಂದು ಅಟ್ಟವನ್ನು ಯಾರೂ ಮರೆತುಬಿಡುವುದಿಲ್ಲ. ಆಗಾಗ ಕಾಯಿ ಅಲ್ಲಾಡಿಸಿ ಕಿವಿಗೊಡುತ್ತಾರೆ. ಮಕ್ಕಳ ವಿಷಯದಲ್ಲೂ ಈ ಕಿವಿ ಬೇಕು.

ಏಕೆಂದರೆ ಎಲ್ಲ ಮೌನವೂ ವಯಸ್ಸಿನದಲ್ಲ. ಎರಡು ವಾರಕ್ಕೂ ಮಿಕ್ಕಿ ಊಟ, ನಿದ್ದೆ ಕೆಟ್ಟಿದ್ದರೆ, ಸ್ನೇಹಿತರನ್ನೂ ಬಿಟ್ಟಿದ್ದರೆ, ಇಷ್ಟದ ಆಟವೂ ಬೇಡವಾಗಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 'ನಾನಿಲ್ಲದಿದ್ರೆ ನಿಮಗೆ ನೆಮ್ಮದಿ' ಎಂಬಂಥ ಮಾತು ಬಂದರೆ ಅದನ್ನು ನಾಟಕ ಎನ್ನಬೇಡಿ. ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕೂತು, 'ಸಾಯುವ ಯೋಚನೆ ಬರುತ್ತಿದೆಯೇನಪ್ಪ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಭಾರ ಇಳಿಯುತ್ತದೆ. ತೋಟದ ಔಷಧಿ ಡಬ್ಬಿಗಳನ್ನು ಬೀಗದೊಳಗಿಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಮಕ್ಕಳೇ ನೇರವಾಗಿ ಕರೆ ಮಾಡಲು 1098 ಇದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ. ಅವರ ಪ್ರಶ್ನೆ ಒರಟಾಗಿರಬಹುದು. ಅದರ ಹಿಂದೆ ಇರುವುದು ಬಹುಪಾಲು ಹೆದರಿಕೆ. 'ಇವತ್ತು ಮನಸ್ಸು ಸರಿಯಿಲ್ಲ, ನಾಳೆ ಹೇಳ್ತೀನಿ' ಎಂದರೂ ಸಾಕು, ಆ ರಾತ್ರಿ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತದೆ. ಮನೆಯಲ್ಲಿ ಹೇಳಲಾಗದಿದ್ದರೆ ಅಜ್ಜಿಗೆ ಹೇಳಿ, ಸೋದರಮಾವನಿಗೆ ಹೇಳಿ, ನಂಬಿಕೆಯ ಮೇಷ್ಟ್ರಿಗೋ ಮೇಡಂಗೋ ಹೇಳಿ. ಯಾರಿಗಾದರೂ ಒಬ್ಬರಿಗೆ ಹೇಳಿ.