ಎಂಜಲುಣ್ಣುವ ಇಂಜಿನ್ನು

ನಮ್ಮ ಪಿಕಪ್ ತನ್ನ ಎಂಜಲನ್ನು ತಾನೇ ಉಣ್ಣುತ್ತದೆ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ, ಸರ್ಕಾರದ ನಿಯಮಕ್ಕೆ ತಲೆಬಾಗಿಯೇ ಅದು ಹಾಗೆ ಉಣ್ಣುತ್ತಿದೆ. ಸೈಲೆನ್ಸರಿಗೆ ಹೋಗಬೇಕಾದ ಸುಟ್ಟ ಗಾಳಿಯಲ್ಲಿ ಒಂದು ಪಾಲನ್ನು ಅಡ್ಡದಾರಿಯಲ್ಲಿ ತಿರುಗಿಸಿ ಮತ್ತೆ ಇಂಜಿನ್ನಿನ ಬಾಯಿಗೇ ಹಾಕುವ ಒಂದು ವಾಲ್ವು ಅದರ ಬಾನೆಟ್ಟಿನ ಕೆಳಗೆ ಕೂತಿದೆ. ಪೂರ್ತಿ ಹೆಸರು ಎಗ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್. ಗ್ಯಾರೇಜಿನವರಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ, ಇ.ಜಿ.ಆರ್. ಎಂದು ಮುಗಿಸುತ್ತಾರೆ. ಗಾತ್ರದಲ್ಲಿ ಮುಷ್ಟಿಯಷ್ಟೇ ಇದ್ದರೂ ಹೆಸರಿಗೆ ತಕ್ಕಷ್ಟು ಉದ್ದದ ತಾಪತ್ರಯ ಕೊಡಬಲ್ಲದು.

ಗಾಡಿ 2012ರ ಮಾಡೆಲ್, ಕೆಎ 18, ಡೀಸೆಲ್ಲು. ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರನಿಗೆ ಜೀಪು ಮರ್ಯಾದೆಗೆ, ಪಿಕಪ್ ಹೊಟ್ಟೆಪಾಡಿಗೆ. ಗೊಬ್ಬರ, ಮೆಣಸಿನ ಚೀಲ, ಶಾಮಿಯಾನದ ಕಂಬ, ಪಕ್ಕದ ಮನೆಯವರ ಗಬ್ಬದ ಹಸು, ಯಾವುದಕ್ಕೂ ಅದು ಇಲ್ಲ ಎಂದದ್ದಿಲ್ಲ. ಅಂಥ ಗಾಡಿ ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಚಾರ್ಮಾಡಿ ಘಾಟಿಯಲ್ಲಿ ಹಟ ಹಿಡಿಯಿತು. ಉಜಿರೆಯಿಂದ ಗೊಬ್ಬರ ಹೇರಿಕೊಂಡು ಹತ್ತುವಾಗ ಎರಡನೇ ಗೇರಿನಲ್ಲೂ ಎಳೆಯದು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದೆ ಕರಿ ಹೊಗೆ. ನಮ್ಮನ್ನು ದಾಟಿ ಹೋದ ಬಸ್ಸಿನ ಡ್ರೈವರ್ ತಲೆ ಹೊರಹಾಕಿ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಗಾಡಿ ಎಳೆಯುತ್ತಿಲ್ಲ ಎಂದರೆ ನಮ್ಮೂರಲ್ಲಿ ಎಲ್ಲರ ಬಳಿಯೂ ಒಂದೊಂದು ಮದ್ದು ಇರುತ್ತದೆ. ಏರ್ ಫಿಲ್ಟರ್ ಅಂದರು, ಡೀಸೆಲ್ ಫಿಲ್ಟರ್ ಅಂದರು, ಕಲಬೆರಕೆ ಎಣ್ಣೆ ಅಂದರು. ಅವ್ವ ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟು ಅಂದಳು. ಡೀಸೆಲ್ ಪಂಪು ಅಂದವರಿಗೆ ಮಾತ್ರ ನಾನು ತಲೆಯಾಡಿಸಲಿಲ್ಲ. ಪಂಪನ್ನು ಆ ಮಳೆಗಾಲಕ್ಕೆ ಮುಂಚೆ ತಾನೆ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಮೇಸ್ತ್ರಿ ಹೊಗೆಯ ಬಣ್ಣ ನೋಡಿಯೇ ಕಾಯಿಲೆ ಹೇಳುವವನು. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ನೀರು ನುಗ್ಗಿದೆ ಅಥವಾ ಡೀಸೆಲ್ ಉರಿಯದೆ ಬರುತ್ತಿದೆ, ಕಪ್ಪಾದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ. ಫಿಲ್ಟರ್ ಕ್ಲೀನಾಗಿತ್ತು, ಟರ್ಬೋ ಪೈಪು ಗಟ್ಟಿಯಾಗಿತ್ತು. ಅವನು ಕೈ ಒರೆಸಿಕೊಂಡು ತೀರ್ಪು ಕೊಟ್ಟ.

"ಇ.ಜಿ.ಆರ್. ಅಂಟ್ಕೊಂಡಿದೆ ಗೌಡ್ರೇ. ಬ್ಲಾಂಕ್ ಮಾಡ್ಬಿಡ್ತೀನಿ. ಒಂದ್ ತಗಡು ಕತ್ರಿಸಿ ಮಧ್ಯೆ ಕೂರ್ಸಿದ್ರೆ ಈ ಜನ್ಮದಲ್ಲಿ ಇದ್ರ ತಂಟೆ ಇಲ್ಲ."

"ಹಾಗಾದ್ರೆ ಅದನ್ನ ಯಾಕಯ್ಯಾ ಹಾಕಿದಾರೆ?"

"ಕಂಪನಿಯವ್ರು ಟೆಸ್ಟ್ ಪಾಸಾಗ್ಬೇಕಲ್ಲ, ಅದಕ್ಕೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಆ ಟೆಸ್ಟಿನ ಬೇರು ಹುಡುಕುತ್ತ ಹೋದರೆ ಸಿಗುವುದು ಮೋಟಾರಿನವರಲ್ಲ, ಒಬ್ಬ ಗಿಡಮರದ ಮನುಷ್ಯ. 1943ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧಕಾಲ ನೋಡಿ, ಶತ್ರುಗಳು ವಿಷದ ಗಾಳಿ ಬಿಟ್ಟರೆಂದೇ ಕೆಲವರು ಹೆದರಿದರಂತೆ. ಮಬ್ಬು ಮತ್ತೆ ಮತ್ತೆ ಬಂತು, ಸುತ್ತಲಿನ ಹೊಲಗಳಲ್ಲಿ ಪಾಲಕ್, ಬೀಟ್‌ರೂಟ್, ಕುದುರೆಮಸಾಲೆಯ ಎಲೆಗಳು ಬಣ್ಣಗೆಟ್ಟವು. ಎಲೆಗೆ ಬಂದ ರೋಗವಾದ್ದರಿಂದ ಅದು ಏರಿ ಹಾಗೆನ್-ಸ್ಮಿತ್ ಅವರ ಮೇಜಿಗೆ ಬಂತು. ಹಾಲೆಂಡಿನಲ್ಲಿ ಹುಟ್ಟಿದ ಈ ಸಸ್ಯ ರಸಾಯನಶಾಸ್ತ್ರಜ್ಞರು ಪ್ಯಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳ ಯಾವುದರಿಂದ ಬರುತ್ತದೆ ಎಂದು ಶೋಧಿಸುತ್ತಿದ್ದವರು. ಹಣ್ಣಿನ ವಾಸನೆ ಹಿಡಿಯಲು ಕಲಿತ ವಿದ್ಯೆಯಲ್ಲೇ ಊರಿನ ಗಾಳಿಯನ್ನೂ ಹಿಡಿದು ನೋಡಿದರು.

1950ರ ದಶಕದ ಮೊದಲಲ್ಲಿ ಅವರು ತೋರಿಸಿಕೊಟ್ಟದ್ದು ಇದು: ವಾಹನಗಳೂ ಎಣ್ಣೆ ಸಂಸ್ಕರಣೆಯ ಕಾರ್ಖಾನೆಗಳೂ ಬಿಡುವ ಹೈಡ್ರೋಕಾರ್ಬನ್ನುಗಳು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಝೋನ್ ಹುಟ್ಟಿಸುತ್ತವೆ. ಎಲೆ ಸುಡುವುದು, ಕಣ್ಣುರಿಸುವುದು ಈ ಬಿಸಿಲಡುಗೆಯೇ. ಓಝೋನನ್ನು ಅಳೆಯಲು ಅವರು ಬಳಸಿದ ಉಪಾಯ ನನಗೆ ಬಹಳ ಇಷ್ಟ. ಬಗ್ಗಿಸಿ ಕಟ್ಟಿದ ರಬ್ಬರ್ ಪಟ್ಟಿಯನ್ನು ಆ ಗಾಳಿಯಲ್ಲಿಟ್ಟು ಬಿರುಕು ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು. ಮೋಟಾರ್ ಕಂಪನಿಗಳೂ ಎಣ್ಣೆ ಕಂಪನಿಗಳೂ ಸುಲಭಕ್ಕೆ ಒಪ್ಪಲಿಲ್ಲ, ಒಪ್ಪುವುದು ಅವರ ಜಾಯಮಾನವೂ ಅಲ್ಲ. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಹಾಗೆನ್-ಸ್ಮಿತ್ ಅವರೇ ಮೊದಲ ಅಧ್ಯಕ್ಷರಾದರು.

ಗಾಳಿಯಲ್ಲಿ ನೈಟ್ರೋಜನ್ ಶೇಕಡ 78ರಷ್ಟಿದೆ. ಸಾಧು ಸ್ವಭಾವದ್ದು, ಯಾರ ಗೊಡವೆಗೂ ಹೋಗದು. ಆದರೆ ಸಿಲಿಂಡರಿನೊಳಗಿನ ಉರಿ ಸುಮಾರು 1400 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆಕ್ಸಿಜನ್ನಿನ ಸಹವಾಸಕ್ಕೆ ಬಿದ್ದು ಕೆಡುತ್ತದೆ. ಉರಿಯನ್ನೇ ತುಸು ತಗ್ಗಿಸಬೇಕು. ಒಮ್ಮೆ ಸುಟ್ಟ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಮತ್ತೆ ಉರಿಯುವಂಥವಲ್ಲ, ಕಾವನ್ನು ಹೀರಿಕೊಂಡು ಸುಮ್ಮನಿರುತ್ತವೆ. ಎಂಜಲು ಬಡಿಸುವ ಉಪಾಯ ಬಂದದ್ದು ಹೀಗೆ. 1970ರ ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಬೆನ್ನಿಗೆ, 1973ರ ಮಾಡೆಲ್ ಕಾರುಗಳ ಹೊತ್ತಿಗೆ ಇದು ಅಲ್ಲಿ ಮಾಮೂಲಾಯಿತು. ಅದರ ಬೆನ್ನಿಗೇ ವಾಲ್ವನ್ನು ತೆರೆಸುವ ವ್ಯಾಕ್ಯೂಮ್ ಪೈಪಿನೊಳಗೆ ಬೇರಿಂಗ್ ಗುಂಡು ತುರುಕಿ ಅದರ ಬಾಯಿ ಕಟ್ಟುವವರೂ ಹುಟ್ಟಿಕೊಂಡರು. ತಗಡು ಕತ್ತರಿಸುವ ನಮ್ಮ ಮೇಸ್ತ್ರಿಗೆ ಅಮೆರಿಕದಲ್ಲಿ ಹಳೆಯ ಗುರುಗಳಿದ್ದಾರೆ.

ಡೀಸೆಲ್ಲಿನಲ್ಲಿ ಮಾತ್ರ ಒಂದು ಪೀಕಲಾಟವಿದೆ. ಉರಿ ಇಳಿಸಿದರೆ ನೈಟ್ರೋಜನ್ ಆಕ್ಸೈಡು ಇಳಿಯುತ್ತದೆ, ಮಸಿ ಏರುತ್ತದೆ. ಮಸಿ ಇಳಿಸಲು ಹೋದರೆ ಇದು ಏರುತ್ತದೆ. ಇವೆರಡರ ನಡುವೆ ದಾರಿ ಹುಡುಕುವುದಕ್ಕಿಂತ ಪರೀಕ್ಷೆಯಲ್ಲಿ ನಕಲು ಮಾಡುವುದೇ ಅಗ್ಗ ಎಂದು ಫೋಕ್ಸ್‌ವ್ಯಾಗನ್ ಲೆಕ್ಕ ಹಾಕಿ 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದದ್ದು ಲೋಕಕ್ಕೇ ಗೊತ್ತು. ಆ ಮಸಿ ಇ.ಜಿ.ಆರ್. ದಾರಿಯಲ್ಲೇ ವಾಪಸು ಬರುವುದರಿಂದ, ಇಂಜಿನ್ನಿನ ಆಯಿಲ್ ಹಬೆಯೊಂದಿಗೆ ಬೆರೆತು ಡಾಂಬರಿನ ಹದಕ್ಕೆ ಬಂದು ವಾಲ್ವಿನಲ್ಲೂ ಮ್ಯಾನಿಫೋಲ್ಡಿನಲ್ಲೂ ಮೆತ್ತಿಕೊಳ್ಳುತ್ತದೆ.

2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಹೊಗೆಗೆ ಮಿತಿ ಹಾಕುವ ಬಿಎಸ್ 4 ನಿಯಮ ಬಂದಾಗ ಉಳಿದ ದೇಶಕ್ಕೆ ಸಿಕ್ಕಿದ್ದು ಬಿಎಸ್ 3. ಅದಕ್ಕೇ ನನ್ನ ಗಾಡಿ ಬಿಎಸ್ 3. ಹೊಸ ಗಾಡಿಗಳಲ್ಲಿ ಸ್ಕ್ಯಾನರ್ ಚುಚ್ಚಿದರೆ ಎಂಜಲು ಸಾಲದು ಎನ್ನಲು ಪಿ0401, ಅತಿಯಾಯಿತು ಎನ್ನಲು ಪಿ0402 ಎಂದು ಪರದೆಯ ಮೇಲೆ ಮೂಡುತ್ತದೆ. ನಮ್ಮದರಲ್ಲಿ ಚುಚ್ಚಲು ಜಾಗವೂ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಇಲ್ಲ. ಕಣ್ಣು, ಕಿವಿ, ಬೆರಳು, ಇಷ್ಟೇ.

ಇದ್ದುದರಲ್ಲಿ ಏರ್ಪಾಟು ಸರಳ. ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು. ಅಲ್ಲಿಂದ ಒಂದು ಸಣ್ಣ ರಬ್ಬರ್ ಪೈಪು ಸೊಲೆನಾಯ್ಡಿಗೆ, ಅದರಿಂದ ಇನ್ನೊಂದು ವಾಲ್ವಿನ ತಲೆಯ ಮೇಲಿನ ಡಯಾಫ್ರಮಿಗೆ. ಇಂಜಿನ್ ಬಿಸಿಯಾಗಿದೆಯೇ, ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ನೋಡಿಕೊಂಡು ಸೊಲೆನಾಯ್ಡಿಗೆ ಅಪ್ಪಣೆ ಕೊಡಲು ಒಂದು ಪುಟ್ಟ ಡಬ್ಬಿ. ಬಿಸಿಯಾದ ಮೇಲೆ ಐಡ್ಲಿಂಗಿನಲ್ಲೂ ಹಗುರ ಓಟದಲ್ಲೂ ವಾಲ್ವು ತೆರೆಯಬೇಕು, ಹೊರೆ ಹೊತ್ತು ಏರುವಾಗ ಮುಚ್ಚಬೇಕು. ಘಾಟಿಯಲ್ಲಿ ಇಂಜಿನ್ನಿಗೆ ಬೇಕಾದ್ದು ಹೊಸ ಗಾಳಿ.

ತಗಡು ಆಮೇಲೆ, ಮೊದಲು ಪೈಪ್ ಎಳಿ ಎಂದೆ. ಮೇಸ್ತ್ರಿ ಗೊಣಗುತ್ತಲೇ ವಾಲ್ವಿನ ತಲೆಯಿಂದ ಪೈಪು ಕಿತ್ತು ರೇಸ್ ಮಾಡಿದ. ಹೊಗೆ ಎಷ್ಟಿತ್ತೋ ಅಷ್ಟೇ. ಅಂದರೆ ಯಾರೂ ತೆರೆ ಎನ್ನದಿದ್ದರೂ ವಾಲ್ವು ತೆರೆದೇ ಇದೆ. ಬಿಚ್ಚಿ ನೋಡಿದಾಗ ಮಸಿಯ ಗಡ್ಡೆಯೊಂದು ಅದನ್ನು ಮುಚ್ಚಲು ಬಿಡದೆ ಕೂತಿತ್ತು. ಡಯಾಫ್ರಮಿಗೆ ತಾಗದಂತೆ ಎತ್ತಿಹಿಡಿದು ಕೆರೆದು, ಕ್ಲೀನರ್ ಹೊಡೆದು ತೊಳೆದ. ಆಮೇಲೆ ಪೈಪಿನ ತುದಿಯನ್ನು ಬಾಯಿಗಿಟ್ಟು ಸೇದಿ ನಾಲಿಗೆಯಿಂದ ಮುಚ್ಚಿ ಹಿಡಿದ. ಕಡ್ಡಿ ಮೇಲೆದ್ದು ಅಲ್ಲಾಡದೆ ನಿಂತಿತು, ಡಯಾಫ್ರಮ್ ಒಡೆದಿಲ್ಲ ಎಂದು ಅದರರ್ಥ. ಇದಕ್ಕೆಂದೇ ಅಂಗಡಿಯಲ್ಲಿ ಕೈಪಂಪೂ ಗೇಜೂ ಸಿಗುತ್ತವೆ. ನಾಲಿಗೆ ಇರುವವನಿಗೆ ಅದೆಲ್ಲ ಯಾಕೆ ಎಂಬುದು ಅವನ ವಾದ.

ಇಷ್ಟಾದರೂ ಗಾಡಿಗೆ ಅರ್ಧ ಜೀವವಷ್ಟೇ ಬಂತು. ಬೆಳಗಿನ ತಂಪಿನಲ್ಲಿ ಕೊಟ್ಟಿಗೆಹಾರದವರೆಗೆ ಸೊಗಸಾಗಿ ಓಡಿ, ಇಂಜಿನ್ ಕಾದ ಮೇಲೆ ಮತ್ತೆ ಅದೇ ಕರಿ ಹೊಗೆ. ಸುಳಿವು ಇದ್ದದ್ದು ಇಲ್ಲೇ. ತಣ್ಣಗಿದ್ದಾಗ ಡಬ್ಬಿ ವಾಲ್ವನ್ನು ತೆರೆಸುವುದೇ ಇಲ್ಲ, ತೊಂದರೆಯೂ ಇಲ್ಲ. ಈ ಸಲ ಪೈಪು ಕಿತ್ತು, ಅದರ ಬಾಯಿಗೆ ಒಂದು ಸ್ಕ್ರೂ ತಿರುಚಿ ಅದೇ ಏರಿನಲ್ಲಿ ಬಿಟ್ಟರೆ ಗಾಡಿ ಸರಾಗ ಹತ್ತಿತು. ಹಾಗಾದರೆ ವಾಲ್ವು ಈಗ ನಿರಪರಾಧಿ, ಅದಕ್ಕೆ ಬರುತ್ತಿರುವ ಅಪ್ಪಣೆಯೇ ತಪ್ಪು. ಪೈಪಿನ ತುದಿಗೆ ಬೆರಳಿಟ್ಟು ಡೀಸೆಲ್ ಪಂಪಿನ ಲಿವರನ್ನು ಕೈಯಲ್ಲೇ ಪೂರ್ತಿ ಎಳೆದೆವು. ಬೆರಳನ್ನು ಬಿಟ್ಟುಬಿಡಬೇಕಾದ ಹೊತ್ತಿನಲ್ಲೂ ಪೈಪು ಸೇದುತ್ತಲೇ ಇತ್ತು. ಸೊಲೆನಾಯ್ಡಿನ ವೈರು ಕಿತ್ತೊಡನೆ ಸೆಳೆತ ನಿಂತಿತು, ಅದರದೂ ತಪ್ಪಿಲ್ಲ. ಉಳಿದದ್ದು ಡಬ್ಬಿ ಮತ್ತು ಡಬ್ಬಿಗೆ ಸುದ್ದಿ ಮುಟ್ಟಿಸುವ ಸೆನ್ಸರು. ಡೀಸೆಲ್ ಪಂಪಿನ ಲಿವರಿಗೆ ಕೂರಿಸಿದ್ದ ಆ ಸೆನ್ಸರಿನ ಎರಡು ಸ್ಕ್ರೂಗಳ ಮೇಲಿದ್ದ ಬಣ್ಣದ ಗುರುತು ಅಕ್ಕಪಕ್ಕಕ್ಕೆ ಸರಿದಿತ್ತು. ಪಂಪು ಬಿಚ್ಚಿದವರು ಅದನ್ನು ಅಂದಾಜಿನಲ್ಲಿ ಬಿಗಿದಿದ್ದರು. ನಾನು ಪೂರ್ತಿ ಒತ್ತಿದರೂ ಡಬ್ಬಿಗೆ ಮುಟ್ಟುತ್ತಿದ್ದ ಸುದ್ದಿ, ಗೌಡ್ರು ಮೆಲ್ಲಗೆ ಹೋಗುತ್ತಿದ್ದಾರೆ ಎಂದು. ಮೊದಲ ಸಲ ಅಷ್ಟು ಮಸಿ ಕಟ್ಟಿದ್ದಕ್ಕೂ ಇದೇ ಮೂಲ.

ಗುರುತಿಗೆ ಗುರುತು ಕೂಡಿಸಿ ಬಿಗಿದ ಮೇಲೆ ಗಾಡಿ ಮೊದಲಿನಂತಾಯಿತು. ಮೊದಲೇ ತಗಡು ಹಾಕಿದ್ದರೂ ಅದು ಘಾಟಿ ಹತ್ತುತ್ತಿತ್ತು, ನಿಜ. ಸೆನ್ಸರು ಸರಿದದ್ದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನೂ ತಮಾಷೆಯೆಂದರೆ ತಗಡು ಹಾಕಿದ ಗಾಡಿ ನಮ್ಮ ಎಮಿಷನ್ ಟೆಸ್ಟಿನಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆ ಎಷ್ಟು ದಟ್ಟ ಎಂಬುದನ್ನು. ನೈಟ್ರೋಜನ್ ಆಕ್ಸೈಡನ್ನು ಯಾರೂ ಕೇಳುವುದಿಲ್ಲ. ಎಂಜಲು ನಿಂತರೆ ಹೊಗೆ ಕಡಿಮೆಯಾಗುತ್ತದೆ, ಅಳೆಯದ ವಿಷ ಹೆಚ್ಚುತ್ತದೆ, ಕೈಗೆ ಸರ್ಟಿಫಿಕೇಟೂ ಬರುತ್ತದೆ. ಸ್ಟಿಯರಿಂಗ್ ಹಿಡಿದವನಿಗೆ ಇದರಿಂದ ಏನೂ ತಟ್ಟದು, ತಟ್ಟುವುದು ಗಾಳಿ ಹೋದ ದಿಕ್ಕಿನವರಿಗೆ. ಎಲೆ ನಂಬಿ ಬದುಕುವವನಾಗಿ ನಾನು ಇದನ್ನು ಒಪ್ಪಲಾರೆ. ಮೇಸ್ತ್ರಿ ಒಪ್ಪುತ್ತಾನೆ, ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ನಿಮ್ಮ ಹಳೆಯ ಡೀಸೆಲ್ ಗಾಡಿಯೂ ಏರಿನಲ್ಲಿ ಕಪ್ಪು ಕಕ್ಕಿದರೆ ತಗಡು ಕತ್ತರಿಸುವವನ ಕೈಯನ್ನು ಒಂದು ಗಳಿಗೆ ತಡೆಯಿರಿ. ವಾಲ್ವಿನ ಪೈಪು ಕಿತ್ತು, ಅದರ ಬಾಯಿ ಮುಚ್ಚಿ, ಅದೇ ಏರನ್ನು ಮತ್ತೊಮ್ಮೆ ಹತ್ತಿಸಿ. ಎಳೆದರೆ ಅಪ್ಪಣೆ ಎಲ್ಲಿ ತಪ್ಪಿದೆ ನೋಡಿ, ಎಳೆಯದಿದ್ದರೆ ವಾಲ್ವು ಬಿಚ್ಚಿಸಿ. ಕೈಯಲ್ಲಿರುವಾಗಲೇ ಪೈಪನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಆವತ್ತೇ ಹೊಸದು ಹಾಕಿಸಿ. ನಿಮ್ಮ ಬ್ರೇಕಿಗೂ ವ್ಯಾಕ್ಯೂಮ್ ಬರುವುದು ಅದೇ ಪಂಪಿನಿಂದ.